ಚಂದ್ರನ ಮರೆಯಲ್ಲಿ ಕಾಯಕ



ಕಳೆದ ಶ್ರಾವಣ ಮಾಸದಲ್ಲಿ ನಾವು ಜತ್ತ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಪ್ರವಚನ ಮುಗಿದು ಪ್ರಸಾದವಾದ ಮೇಲೆ ಇಬ್ಬರು ರೈತರು ಬಂದು ನಮ್ಮೆದುರು ಕುಳಿತರು. ಒಡಹುಟ್ಟಿದ ಅಣ್ಣತಮ್ಮಂದಿರು. ಆದರೆ ಒಬ್ಬನು ಗುಡಿಯ ಕಂಬದ ಈಚೆ, ಇನ್ನೊಬ್ಬನು ಕಂಬದ ಆಚೆ ಕುಳಿತಿದ್ದನು. ಏನು ವಿಷಯವೆಂದು ಕೇಳಿದೆವು.

"ಯಪ್ಪಾ, ಒಂದು ಮೊಳ ಬದು. ಅಣ್ಣ ಒತ್ತಿ ಹೊಡದಾನ. ಹನ್ನೊಂದು ವರ್ಷಾತು, ಕೋರ್ಟಿಗೆ ಅಡ್ಡಾಡಾಕತ್ತೀನಿ" ಎಂದನು ತಮ್ಮ.

"ಅಪ್ಪಾರ, ಆ ಬದು ನಮ್ಮಪ್ಪ ಹಾಕಿದ್ದು. ನಾ ಒಂದು ಬೊಟ್ಟೂ ಸರಿಸಿಲ್ಲ" ಎಂದನು ಅಣ್ಣ.

ಆ ಬದುವಿನ ಮೇಲೆ ಏನು ಬೆಳೆಯುತ್ತದೆ ಎಂದು ಕೇಳಿದೆವು. ಇಬ್ಬರೂ ಒಟ್ಟಿಗೆ, "ಜಾಲಿ" ಎಂದರು. ಹನ್ನೊಂದು ವರ್ಷದಲ್ಲಿ ಅವರಿಬ್ಬರ ಬಾಯಿಂದ ಒಟ್ಟಿಗೆ ಬಂದ ಮಾತು ಅದೊಂದೇ ಇರಬೇಕು!

ಅಂದು ರಾತ್ರಿ ಅವರಿಗೆ ನಾವು ಪುರಾಣ ಹೇಳಲಿಲ್ಲ. ಚಂದ್ರನ ಬಳಿಯವರೆಗೆ ಹೋಗಿ, ಚಂದ್ರನ ಮೇಲೆ ಕಾಲಿಡದೆ ಮರಳಿ ಬಂದ ಒಬ್ಬ ಮನುಷ್ಯನ ಸಂಗತಿ ಹೇಳಿದೆವು. ಗಡಿಭಾಗದ ಎಲ್ಲ ಊರುಗಳ ಭಕ್ತರಿಗೂ ಅದು ತಲುಪಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಯಾರೆಂದು ಶಾಲೆಯ ಮಕ್ಕಳನ್ನು ಕೇಳಿರಿ. ನೀಲ್ ಆರ್ಮ್‌ಸ್ಟ್ರಾಂಗ್ ಎನ್ನುತ್ತಾರೆ. ಎರಡನೆಯವರು ಯಾರೆಂದರೆ ಜಾಣ ಮಕ್ಕಳು ಆಲ್ಡ್ರಿನ್ ಎನ್ನುತ್ತಾರೆ. ಆದರೆ ಅಪೊಲೊ 11 ನೌಕೆಯಲ್ಲಿ ಹೋದವರು ಇಬ್ಬರಲ್ಲ, ಮೂವರು. ಮೂರನೆಯವರ ಹೆಸರು ಕೇಳಿದರೆ ಎಷ್ಟೋ ಸಲ ಮಕ್ಕಳ ಜೊತೆಗೆ ಮಾಸ್ತರರೂ ಸುಮ್ಮನಾಗುತ್ತಾರೆ. ಅವರ ಹೆಸರು ಮೈಕೆಲ್ ಕಾಲಿನ್ಸ್.

ಕಾಲಿನ್ಸ್ ಅವರು ಹುಟ್ಟಿದ್ದು 1930ರಲ್ಲಿ, ಇಟಲಿಯ ರೋಮ್ ನಗರದಲ್ಲಿ. ತಂದೆ ಅಮೆರಿಕದ ಸೈನ್ಯದ ಅಧಿಕಾರಿ. ಮಗ ವಾಯುಪಡೆ ಸೇರಿ, ಹೊಸ ವಿಮಾನಗಳನ್ನು ಪರೀಕ್ಷೆಗೆ ಹಾರಿಸುವ ಪೈಲಟ್ ಆದರು. 1963ರಲ್ಲಿ ಗಗನಯಾತ್ರಿಯಾಗಿ ಆಯ್ಕೆಯಾದರು. 1966ರ ಜುಲೈ ತಿಂಗಳಲ್ಲಿ ಜೆಮಿನಿ 10 ನೌಕೆಯಲ್ಲಿ ಜಾನ್ ಯಂಗ್ ಅವರೊಡನೆ ಮೂರು ದಿನ ಭೂಮಿಯನ್ನು ಸುತ್ತಿದರು. ನೌಕೆಯಿಂದ ಹೊರಬಂದು ಆಧಾರವಿಲ್ಲದ ಆ ಬಯಲಿನಲ್ಲಿ ತೇಲುತ್ತ ಕೆಲಸ ಮಾಡಿದರು.

ಮುಂದೆ ಚಂದ್ರನನ್ನು ಮೊದಲ ಬಾರಿಗೆ ಸುತ್ತಿ ಬರುವ ಅಪೊಲೊ 8ರಲ್ಲಿ ಅವರಿಗೊಂದು ಆಸನ ನಿಶ್ಚಯವಾಗಿತ್ತು. ಅಷ್ಟರಲ್ಲಿ 1968ರಲ್ಲಿ ಕತ್ತಿನ ಎಲುಬಿನ ತೊಂದರೆ ಕಾಣಿಸಿತು. ಶಸ್ತ್ರಚಿಕಿತ್ಸೆಯಾಯಿತು. ಆಸನ ಬೇರೆಯವರ ಪಾಲಾಯಿತು. ಹಣ್ಣಿಗೆ ಬಂದ ದ್ರಾಕ್ಷಿಯ ಮೇಲೆ ಆಣೆಕಲ್ಲು ಬಿದ್ದಾಗ ರೈತನಿಗೆ ಏನಾಗುತ್ತದೆಯೋ ಅವರಿಗೂ ಅದೇ ಆಗಿರಬೇಕು. ಆದರೆ ಅವರು ಮುನಿಸಿಕೊಂಡು ಮನೆಯಲ್ಲಿ ಕೂಡಲಿಲ್ಲ. ಹೂಸ್ಟನ್ ನಗರದ ನಿಯಂತ್ರಣ ಕೇಂದ್ರದಲ್ಲಿ ಕುಳಿತು, ತಮ್ಮ ಜಾಗದಲ್ಲಿ ಹೋದವರೊಂದಿಗೆ ರೇಡಿಯೋದಲ್ಲಿ ಮಾತನಾಡುವ ಕೆಲಸ ಮಾಡಿದರು. ಭೂಮಿಯ ಕಕ್ಷೆ ಬಿಟ್ಟು ಚಂದ್ರನ ಕಡೆಗೆ ಹೊರಡಲು ಆ ಮೂವರಿಗೆ ಅಪ್ಪಣೆ ಕೊಟ್ಟ ಧ್ವನಿ ಕಾಲಿನ್ಸ್ ಅವರದೇ. ತನಗೆ ತಪ್ಪಿದ ದಾರಿಗೆ ತಾನೇ ಇನ್ನೊಬ್ಬರನ್ನು ಕಳಿಸಿಕೊಡುವುದು ಸಣ್ಣ ಮಾತಲ್ಲ, ಬಂಧುಗಳೇ. ನಮ್ಮಲ್ಲಿ ಪಾಲು ತಪ್ಪಿದವನು ಆ ಮನೆಯ ಮದುವೆಗೂ ಹೋಗುವುದಿಲ್ಲ.

ಆ ಕಾಯಿಲೆಯ ದೆಸೆಯಿಂದಲೇ ಅವರು ಮುಂದಿನ ಸರತಿಗೆ, ಅಂದರೆ ಅಪೊಲೊ 11ಕ್ಕೆ ಬಂದರು. 1969ರ ಜುಲೈ 16ರಂದು ಮೂವರೂ ಹೊರಟರು. ಚಂದ್ರನವರೆಗಿನ ದಾರಿ ಸರಾಸರಿ 3,84,400 ಕಿಲೋಮೀಟರು. ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಅವರು 'ಈಗಲ್' ಎಂಬ ಸಣ್ಣ ನೌಕೆಯಲ್ಲಿ ಕುಳಿತು ಕೆಳಗಿಳಿದರು. ಆಗ ನಮ್ಮ ದೇಶದ ಗಡಿಯಾರದಲ್ಲಿ 21ನೆಯ ತಾರೀಖಿನ ನಡುರಾತ್ರಿ ಕಳೆದು 1 ಗಂಟೆ 47 ನಿಮಿಷ. ಕಾಲಿನ್ಸ್ ಅವರು 'ಕೊಲಂಬಿಯಾ' ಎಂಬ ತಾಯಿನೌಕೆಯಲ್ಲಿ ಒಬ್ಬರೇ ಉಳಿದರು. ಚಂದ್ರನ ಮೇಲೆ ಸುಮಾರು 110 ಕಿಲೋಮೀಟರು ಎತ್ತರದಲ್ಲಿ, ಎರಡು ತಾಸಿಗೊಂದು ಪ್ರದಕ್ಷಿಣೆಯಂತೆ, ಗೆಳೆಯರು ಬಂದು ಕೂಡುವವರೆಗೆ ಸುಮಾರು 28 ತಾಸು ಒಬ್ಬರೇ ಸುತ್ತಿದರು.

ಕಲ್ಯಾಣದ ಶರಣರಲ್ಲಿ ಅಂಬಿಗರ ಚೌಡಯ್ಯನವರಿದ್ದರು. ಅಂಬಿಗನ ಕಾಯಕವೆಂದರೇನು? ಹತ್ತಿದವರನ್ನು ದಡಕ್ಕೆ ಮುಟ್ಟಿಸುವುದು, ಅವರು ತಿರುಗಿ ಬರುವವರೆಗೆ ದೋಣಿಯನ್ನು ಕಾಯುವುದು. ಜಾತ್ರೆ ಇರುವುದು ಆಚೆ ದಡದಲ್ಲಿ. ಅಂಬಿಗನಿರುವುದು ನೀರಿನ ಮೇಲೆ. ಕಾಲಿನ್ಸ್ ಅವರು ಚಂದ್ರನ ಅಂಬಿಗರಾದರು. ಗೆಳೆಯರು ಚಂದ್ರನ ನೆಲದ ಮೇಲೆ ನಡೆದಾಡುವುದನ್ನು ಭೂಮಿಯ ಕೋಟ್ಯಂತರ ಜನ ಟೆಲಿವಿಜನ್ನಿನಲ್ಲಿ ನೋಡಿದರು. ಅಷ್ಟು ಹತ್ತಿರದಲ್ಲಿದ್ದ ಕಾಲಿನ್ಸ್ ಅವರಿಗೆ ಮಾತ್ರ ನೋಡಲು ಅವರ ನೌಕೆಯಲ್ಲಿ ಟೆಲಿವಿಜನ್ ಇರಲಿಲ್ಲ. ಆ ದೃಶ್ಯ ಕಾಣದವರು ನೀವೊಬ್ಬರೇ ಇರಬೇಕು ಎಂದು ಹೂಸ್ಟನ್ನಿನಿಂದ ಹೇಳಿದಾಗ, ಅದರಿಂದ ತಮಗೇನೂ ಬೇಸರವಿಲ್ಲವೆಂದು ಉತ್ತರಿಸಿದರು. ಮೇಲಿನಿಂದ ದುರ್ಬೀನಿನಲ್ಲಿ ಈಗಲ್ ನೌಕೆಯನ್ನು ಮತ್ತೆ ಮತ್ತೆ ಹುಡುಕಿದರು, ಅದೂ ಕಾಣಲಿಲ್ಲ.

ಭಕ್ತರೇ, ಇಲ್ಲಿ ಒಂದು ಮುಖ್ಯ ಸಂಗತಿಯಿದೆ, ಲಕ್ಷ್ಯಗೊಟ್ಟು ಕೇಳಿರಿ. ಪ್ರತಿ ಸುತ್ತಿನಲ್ಲಿ ಅವರ ನೌಕೆ ಚಂದ್ರನ ಹಿಂದೆ ಹೋದಾಗ ರೇಡಿಯೋ ಸಂಪರ್ಕ ಕಡಿಯುತ್ತಿತ್ತು. ಸುಮಾರು 48 ನಿಮಿಷ ಅವರ ಮಾತು ಯಾರಿಗೂ ಕೇಳುವುದಿಲ್ಲ. ಯಾರ ಮಾತೂ ಅವರಿಗೆ ಕೇಳುವುದಿಲ್ಲ. ಭೂಮಿಯೂ ಕಾಣುವುದಿಲ್ಲ. ಚಂದ್ರನ ಆ ಮಗ್ಗುಲಿಗೆ ಇಡೀ ಮನುಷ್ಯಕುಲ, ಈ ಮಗ್ಗುಲಿಗೆ ತಾನೊಬ್ಬ ಎಂದು ಆಗ ಅವರಿಗೆ ಅನಿಸಿತು. ಜನ ಮುಂದೆ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಒಂಟಿತನ ಕಾಡಲಿಲ್ಲವೇ? ಇಲ್ಲವೆಂದೇ ಅವರು ಹೇಳಿದರು. ಎಚ್ಚರವಿತ್ತು, ತೃಪ್ತಿಯಿತ್ತು, ಒಂದು ಬಗೆಯ ಆನಂದವೂ ಇತ್ತು, ಒಂಟಿತನ ಮಾತ್ರ ಇರಲಿಲ್ಲ ಎಂಬುದು ಅವರ ಮಾತಿನ ಭಾವ.

ಯಾಕೆ ಇರಲಿಲ್ಲ? ಕೈಯಲ್ಲಿ ಕಾಯಕವಿತ್ತು. ನೌಕೆಯನ್ನು ಶೀತಲವಾಗಿಡುವ ದ್ರವದ ಉಷ್ಣತೆ ಒಮ್ಮೆ ಏರುಪೇರಾಯಿತು, ಅದನ್ನು ನೋಡಿಕೊಳ್ಳಬೇಕಾಯಿತು. ಕೆಳಗಿನವರು ಮೇಲೇರುವಾಗ ಏನಾದರೂ ಹೆಚ್ಚುಕಡಿಮೆಯಾದರೆ ತಾವು ಹೋಗಿ ಅವರನ್ನು ಕೂಡಿಕೊಳ್ಳುವುದು ಹೇಗೆಂದು 18 ಬಗೆಯ ಉಪಾಯಗಳನ್ನು ಬರೆದಿಟ್ಟ ಪುಸ್ತಕವನ್ನು ಹತ್ತಿರವೇ ಇಟ್ಟುಕೊಂಡಿದ್ದರು. ಅಂಗಡಿಕಾರನು ಕೀರ್ದಿ ಪುಸ್ತಕವನ್ನು ಬಿಟ್ಟಿರುವುದಿಲ್ಲವಲ್ಲ, ಹಾಗೆ.

ಆ 48 ನಿಮಿಷ ಅವರು ಏನು ಮಾಡಿದರೂ ನೋಡುವವರಿರಲಿಲ್ಲ. ಆದರೂ ನೋಡುವವರಿದ್ದಾಗ ಮಾಡಿದ್ದನ್ನೇ ಮಾಡಿದರು. ನಮ್ಮಲ್ಲಿ ಪ್ರತಿಯೊಬ್ಬನಿಗೂ ಇಂಥ 48 ನಿಮಿಷ ಇದ್ದೇ ಇರುತ್ತವೆ. ಅಡತಿ ಅಂಗಡಿಯ ಮಾಲಕರೇ, ರೈತನು ಚಹಾ ಕುಡಿಯಲು ಹೋದಾಗ ನಿಮ್ಮ ತಕ್ಕಡಿ ಹೇಗೆ ತೂಗುತ್ತದೆ? ರೈತ ಬಂಧುಗಳೇ, ಚೀಲದ ಬಾಯಿಗೆ ಒಳ್ಳೆಯ ತೊಗರಿ, ತಳಕ್ಕೆ ಹೊಟ್ಟು ಹಾಕುವ ಹೊತ್ತಿನಲ್ಲಿ ನೀವು ಯಾರ ಮರೆಯಲ್ಲಿರುತ್ತೀರಿ? ಕೊರಳಲ್ಲಿ ಲಿಂಗ ಕಟ್ಟಿಕೊಂಡವನಿಗೆ ಮರೆ ಎಂಬುದೇ ಇಲ್ಲ. ಎದೆಯ ಮೇಲೆ ಸಾಕ್ಷಿಯನ್ನು ಹೊತ್ತುಕೊಂಡೇ ಅಂಗಡಿಯ ಬಾಗಿಲು ತೆರೆಯುತ್ತೀರಿ, ಹೊಲದ ದಾರಿ ಹಿಡಿಯುತ್ತೀರಿ. ಇದನ್ನು ಮರೆತರೆ ಕಟ್ಟಿಕೊಂಡದ್ದು ಬರಿ ಕರಡಿಗೆಯಾಗುತ್ತದೆ.

ಅವರಿಗೆ ಭಯವಿರಲಿಲ್ಲವೆಂದು ತಿಳಿಯಬೇಡಿರಿ. ಒಂದು ಭಯವನ್ನು ಅವರು ಆರು ತಿಂಗಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಈಗಲ್ ನೌಕೆಗೆ ಚಂದ್ರನಿಂದ ಮೇಲೇರಲು ಇದ್ದದ್ದು ಒಂದೇ ಎಂಜಿನ್ನು. ಅದು ಹೊತ್ತದಿದ್ದರೆ ಕೆಳಗಿನ ಇಬ್ಬರೂ ಅಲ್ಲಿಯೇ ಉಳಿದಂತೆ. ಕಾಲಿನ್ಸ್ ಅವರ ನೌಕೆ ಚಂದ್ರನ ಮೇಲೆ ಇಳಿಯುವಂಥದ್ದಲ್ಲ. ಗೆಳೆಯರನ್ನು ಬಿಟ್ಟು ಒಬ್ಬರೇ ಮನೆಗೆ ತಿರುಗಬೇಕು; ಸಾಯುವವರೆಗೆ ಆ ಗುರುತನ್ನು ಹೊತ್ತು ಬದುಕಬೇಕು. ಪ್ರಾಣ ಕಳೆದುಕೊಳ್ಳುವ ವಿಚಾರ ತಮಗಿರಲಿಲ್ಲ, ಒಬ್ಬರೇ ಆದರೂ ಮನೆಗೆ ಬರುವವರಿದ್ದೆವು ಎಂಬುದನ್ನು ಅವರು ಮುಂದೆ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು.

ಈ ಮಾತನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ಮಳೆ ಕೈಕೊಟ್ಟು, ಸಾಲ ಹೆಗಲೇರಿ, ಬದುಕೇ ಸಾಕೆನ್ನುವ ರೈತರನ್ನು ನಮ್ಮ ಗಡಿಭಾಗ ಕಂಡಿದೆ. ಜೊತೆಗಾರನನ್ನು ಕಳೆದುಕೊಂಡವರು, ಮಗನನ್ನು ಕಳೆದುಕೊಂಡವರು ನಮ್ಮಲ್ಲಿಗೆ ಬಂದು ಅಳುತ್ತಾರೆ. ಅವರಿಗೆ ನಾವು ಹೇಳುವುದಿಷ್ಟೇ: ಎಂಥ ದುಃಖದಲ್ಲಿಯೂ ಮನೆಗೆ ತಿರುಗಿ ಬನ್ನಿರಿ. ಒಬ್ಬರೇ ಆದರೂ ಬನ್ನಿರಿ. ಮನೆಯಲ್ಲಿ ದೀಪ ಹಚ್ಚಿಕೊಂಡು ಕಾಯುವವರಿದ್ದಾರೆ. ಹೊರೆ ತಡೆಯದಾದರೆ ಮಠದ ಬಾಗಿಲಿಗೆ ಬನ್ನಿರಿ, ನೆರೆಯವನ ಕಟ್ಟೆಗೆ ಹೋಗಿರಿ. ಬಾಯಿ ಬಿಟ್ಟು ಹೇಳಿರಿ. ಹೇಳಿದ ಭಾರ ಅರ್ಧವಾಗುತ್ತದೆ.

ದೈವಕೃಪೆಯಿಂದ ಆ ಎಂಜಿನ್ನು ಹೊತ್ತಿತು. ಈಗಲ್ ನೌಕೆ ಮೇಲೇರಿ ಬರುವಾಗ ಕಾಲಿನ್ಸ್ ಅವರು ಒಂದು ಚಿತ್ರ ತೆಗೆದರು. ಅದರಲ್ಲಿ ಗೆಳೆಯರ ನೌಕೆಯಿದೆ, ಕೆಳಗೆ ಚಂದ್ರನಿದ್ದಾನೆ, ಹಿಂದೆ ದಿಗಂತದ ಮೇಲೆ ಭೂಮಿ ಇದೆ. ಅಂದಿನ ಮನುಷ್ಯಕುಲವೆಲ್ಲ ಆ ಒಂದು ಚಿತ್ರದ ಚೌಕಟ್ಟಿನೊಳಗೆ ಬಂದಿತು, ಕ್ಯಾಮರಾ ಹಿಡಿದವನೊಬ್ಬನ ಹೊರತು. ಗೆಳೆಯರು ಒಳಗೆ ಬಂದಾಗ, ಊರಿಗೆ ಹೋದ ಮಗ ತಡವಾಗಿ ಬಂದರೆ ತಾಯಿ ತಲೆ ಹಿಡಿದು ಮುದ್ದಿಡುವಂತೆ, ಆಲ್ಡ್ರಿನ್ ಅವರ ಹಣೆಗೆ ಮುತ್ತಿಡಲು ಹೋಗಿ, ಸಂಕೋಚವಾಗಿ ಕೈ ಕುಲುಕಿದರಂತೆ. ಜುಲೈ 24ರಂದು ಮೂವರೂ ಪೆಸಿಫಿಕ್ ಸಾಗರದಲ್ಲಿ ಬಂದಿಳಿದರು. ಆಮೇಲೆ ಕಾಲಿನ್ಸ್ ಅವರು ಆ ನೌಕೆಯೊಳಗೆ ಮತ್ತೆ ಹೊಕ್ಕು, ಇಂಥ ನೌಕೆಗಳಲ್ಲೆಲ್ಲ ಇದೇ ಉತ್ತಮವಾದದ್ದು, ದೇವರು ಇದನ್ನು ಹರಸಲಿ ಎಂಬ ಅರ್ಥದ ಮಾತನ್ನು ಗೋಡೆಯ ಮೇಲೆ ಕೈಯಾರೆ ಬರೆದರು. ನೀವು ಮಹಾನವಮಿಗೆ ಕೂರಿಗೆಗೆ, ಟ್ರ್ಯಾಕ್ಟರಿಗೆ, ತಕ್ಕಡಿಗೆ ವಿಭೂತಿ ಹಚ್ಚುತ್ತೀರಲ್ಲ, ಅದೇ ಭಾವ. ದುಡಿಸಿಕೊಂಡ ವಸ್ತುವಿಗೆ ಕೃತಜ್ಞತೆ ಹೇಳುವುದು ದುಡಿಯುವವರಿಗೆಲ್ಲ ಸಹಜ.

ಆ ಮೂರು ಆಸನಗಳಲ್ಲಿ ತನ್ನದೇ ಶ್ರೇಷ್ಠವೆಂದರೆ ಅದು ಸುಳ್ಳಾದೀತು, ಆದರೆ ತನಗೆ ಸಿಕ್ಕ ಆಸನದಲ್ಲಿ ತನಗೆ ಪೂರ್ಣ ತೃಪ್ತಿಯಿದೆ ಎಂಬುದು ಅವರು ಬರೆದ ಮಾತಿನ ಸಾರ. ನೋಡಿರಿ, ಎಷ್ಟು ನೇರ ಮಾತು! ಆಸೆಯೇ ಇಲ್ಲವೆಂಬ ವೈರಾಗ್ಯದ ವೇಷವಿಲ್ಲ. ಸಿಗಲಿಲ್ಲವೆಂಬ ಹೊಟ್ಟೆಕಿಚ್ಚೂ ಇಲ್ಲ. ಮತ್ತೆ ಚಂದ್ರಯಾನಕ್ಕೆ ಹೋಗುವ ದಾರಿ ಅವರಿಗೆ ತೆರೆದಿತ್ತು. ಆಗ ಅವರೂ ಚಂದ್ರನ ಮೇಲೆ ನಡೆಯಬಹುದಿತ್ತು. ಹೆಂಡತಿ ಮಕ್ಕಳು ಪಟ್ಟ ಆತಂಕ ಸಾಕೆಂದು ಅದನ್ನು ಬೇಡವೆಂದರು.

ಇನ್ನೊಂದು ಸಂಗತಿ. ಆ ಯಾತ್ರೆಯ ಲಾಂಛನವನ್ನು ರೂಪಿಸಿದವರು ಕಾಲಿನ್ಸ್ ಅವರೇ. ಅದರಲ್ಲಿ ಹದ್ದು ಇದೆ, ಶಾಂತಿಯ ಗುರುತಾದ ಆಲಿವ್ ಟೊಂಗೆಯಿದೆ. ಆದರೆ ಬೇರೆ ಯಾತ್ರೆಗಳ ಲಾಂಛನಗಳಲ್ಲಿ ಇರುವಂತೆ ಯಾತ್ರಿಗಳ ಹೆಸರಿಲ್ಲ. ಈ ಕಾರ್ಯಕ್ಕೆ ದುಡಿದ ಲಕ್ಷಾಂತರ ಜನರೆಲ್ಲರ ಲಾಂಛನವಾಗಲಿ ಎಂದು ಮೂವರೂ ತಮ್ಮ ಹೆಸರನ್ನು ಬಿಟ್ಟರು. ಎಷ್ಟೋ ಶರಣರೂ ವಚನದ ಕೊನೆಗೆ ತಮ್ಮ ಹೆಸರು ಹಾಕಲಿಲ್ಲ. ಬಸವಣ್ಣನವರು ಕೂಡಲಸಂಗಮದೇವರ ಹೆಸರನ್ನಿಟ್ಟರು, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನ ಹೆಸರನ್ನಿಟ್ಟರು. ನಾವಾದರೋ ಮಠಕ್ಕೆ ಒಂದು ಫ್ಯಾನು ಕೊಟ್ಟು, ಅದರ ಮೂರೂ ರೆಕ್ಕೆಗಳ ಮೇಲೆ ಹೆಸರು ಬರೆಸುತ್ತೇವೆ! ತಿರುಗುವಾಗ ಯಾರಿಗೂ ಕಾಣುವುದಿಲ್ಲವೆಂಬುದಷ್ಟೇ ಸಮಾಧಾನ.

ಈಗ ಬದುವಿನ ಮಾತಿಗೆ ಬರೋಣ. ಅಷ್ಟು ದೂರದಿಂದ ಭೂಮಿಯನ್ನು ಕಂಡಾಗ ಕಾಲಿನ್ಸ್ ಅವರಿಗೆ ಅನಿಸಿದ್ದೇನು? ಭೂಮಿ ದೊಡ್ಡದೆಂದು ಅನಿಸಲಿಲ್ಲ. ಅದು ಚಿಕ್ಕದು, ನೀಲಿ ಬಿಳಿ ಬಣ್ಣದ್ದು, ಹೊಳೆಯುವಂಥದು. ಎಲ್ಲಕ್ಕಿಂತ ಹೆಚ್ಚಾಗಿ, ಮುಟ್ಟಿದರೆ ಒಡೆದೀತು ಎಂಬಷ್ಟು ನಾಜೂಕಾದದ್ದು ಎಂದು ಅನಿಸಿತು. ರಾಜ್ಯವಾಳುವವರು ಒಂದು ಲಕ್ಷ ಮೈಲಿ ದೂರದಿಂದ ಒಮ್ಮೆ ಭೂಮಿಯನ್ನು ಕಂಡರೆ ಅವರ ಮನಸ್ಸೇ ಬದಲಾದೀತು. ಅಷ್ಟು ಮುಖ್ಯವೆಂದು ತಿಳಿದ ಗಡಿಗೆರೆ ಅಲ್ಲಿಂದ ಕಾಣುವುದಿಲ್ಲ, ಜಗಳದ ಸದ್ದೂ ಕೇಳುವುದಿಲ್ಲ ಎಂಬ ಅಭಿಪ್ರಾಯವನ್ನು ಅವರು 1974ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದರು.

ಈ ಮಾತು ಗಡಿಯ ಮೇಲೆ ಬದುಕುವ ನಮಗಲ್ಲದೆ ಮತ್ತಾರಿಗೆ ತಿಳಿಯಬೇಕು? ನಮ್ಮ ಮನೆಯ ಮಾತು ಕನ್ನಡ, ಸಂತೆಯ ಮಾತು ಮರಾಠಿ. ಸೊಲ್ಲಾಪುರ, ಅಕ್ಕಲಕೋಟೆಯ ಪೇಟೆಯಲ್ಲಿ ಒಂದೇ ಉಸಿರಿನಲ್ಲಿ ಎರಡೂ ಮಾತಾಡುತ್ತೇವೆ. ಮಗಳನ್ನು ವಿಜಾಪುರದ ಕಡೆಗೆ ಕೊಡುತ್ತೇವೆ, ಸೊಸೆಯನ್ನು ಕಲಬುರ್ಗಿಯ ಕಡೆಯಿಂದ ತರುತ್ತೇವೆ. ಮಳೆಯ ಮೋಡ ಯಾವ ನಾಕೆಯಲ್ಲಿ ನಿಂತು ಚೀಟಿ ತೋರಿಸುತ್ತದೆ?

ಗಡಿಯೇ ಬೇಡ, ಬದುವೇ ಬೇಡ ಎಂದು ನಾವು ಹೇಳುತ್ತಿಲ್ಲ. ಬದು ಇಲ್ಲದ ಹೊಲದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಕನ್ನಡವನ್ನು ಬಿಡಿರೆಂದೂ ಹೇಳುತ್ತಿಲ್ಲ. ತಾಯ ಮಾತನ್ನು ಬಿಟ್ಟವನು ಯಾರ ಮಾತನ್ನೂ ಗೌರವಿಸಲಾರ. ಆದರೆ ಬದು ಹಾಕಿದ್ದು ಮಣ್ಣು ನಿಲ್ಲಲೆಂದು, ಅಣ್ಣತಮ್ಮಂದಿರ ಮಾತು ನಿಲ್ಲಲೆಂದಲ್ಲ. ಇಷ್ಟು ತಿಳಿದರೆ ಸಾಕು.

ಯಾತ್ರೆ ಮುಗಿದ ಮೇಲೆ ಆ ಮೂವರೂ ಇಪ್ಪತ್ತಕ್ಕೂ ಹೆಚ್ಚು ದೇಶಗಳನ್ನು ಸುತ್ತಿದರು. 1969ರ ಅಕ್ಟೋಬರಿನಲ್ಲಿ ಮುಂಬಯಿಗೂ ಬಂದಿದ್ದರು. ಹೋದಲ್ಲೆಲ್ಲ ಜನ, ನೀವು ಅಮೆರಿಕದವರು ಸಾಧಿಸಿದಿರಿ ಎನ್ನಲಿಲ್ಲ, ನಾವು ಸಾಧಿಸಿದೆವು ಎಂದರಂತೆ. ತಮ್ಮನ್ನು ಬಹಳ ಮುಟ್ಟಿದ್ದು ಆ 'ನಾವು' ಎಂಬ ಮಾತು ಎಂದು ಕಾಲಿನ್ಸ್ ಅವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಅದು ಹೆಚ್ಚು ದಿನ ಉಳಿಯಲಿಲ್ಲವೆಂಬುದು ನಮ್ಮೆಲ್ಲರ ದೋಷ.

ಕಾಲಿನ್ಸ್ ಅವರು ಲಿಂಗವನ್ನು ಕಂಡರು, ಶಿವಯೋಗವನ್ನು ಸಾಧಿಸಿದರು ಎಂದು ನಾವು ಹೇಳಿದರೆ ಅದು ಸುಳ್ಳಾಗುತ್ತದೆ. ಅವರ ಧರ್ಮ ಬೇರೆ, ದಾರಿ ಬೇರೆ. ಆದರೆ ಅವರು ಭೂಮಿಯನ್ನು ಚಿಕ್ಕದಾಗಿ ಕಾಣಲು ಅಷ್ಟು ದೂರ ಹೋಗಬೇಕಾಯಿತು. ನಮ್ಮ ಹಿರಿಯರು ಅಷ್ಟು ಖರ್ಚಿಲ್ಲದ ಒಂದು ದಾರಿಯನ್ನು ಹಾಕಿಕೊಟ್ಟಿದ್ದಾರೆ. ದಿನಕ್ಕೊಮ್ಮೆ ಕುಳಿತು, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ದೃಷ್ಟಿ ನಿಲ್ಲಿಸಿರಿ ಎಂದರು. ಅಷ್ಟು ದೊಡ್ಡದು ಅಂಗೈಯಲ್ಲಿ ಬಂದು ಕುಳಿತಾಗ, ನನ್ನ ಬದು, ನನ್ನ ಹೆಸರು, ನನ್ನ ಆಸನ ಎಂಬುವು ತಾವಾಗಿ ಚಿಕ್ಕದಾಗುತ್ತವೆ. ಪೂಜೆ ಮಾಡಿ ಎದ್ದ ಮೇಲೂ ಅವು ಚಿಕ್ಕದಾಗಿರದಿದ್ದರೆ, ಪೂಜೆ ನಡೆಯಲಿಲ್ಲ, ಬರಿ ಹೊತ್ತು ಹೋಯಿತು ಎಂದು ತಿಳಿಯಿರಿ.

ಕಾಲಿನ್ಸ್ ಅವರು ಮುಂದೆ ವಾಷಿಂಗ್ಟನ್ನಿನ ವಿಮಾನ ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ನಿರ್ದೇಶಕರಾದರು. ಅದರ ಹೊಸ ಕಟ್ಟಡ 1976ರಲ್ಲಿ ಅವರ ಕಾಲದಲ್ಲಿಯೇ ತೆರೆಯಿತು. ತಾವು ಮಹಾವೀರರಲ್ಲ, ಒಪ್ಪಿಸಿದ ಕೆಲಸ ಮಾಡಿದವರು ಅಷ್ಟೇ ಎನ್ನುತ್ತಿದ್ದರು. 2021ರ ಏಪ್ರಿಲ್ 28ರಂದು, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪುಸ್ತಕದ ಹೆಸರಿನ ಅರ್ಥ 'ಬೆಂಕಿಯನ್ನು ಹೊತ್ತು ಒಯ್ಯುವುದು' ಎಂದು. ನಮ್ಮ ತಾಯಂದಿರು ಹಿಂದೆ ಬೆಳಗಾಗೆದ್ದು ನೆರೆಮನೆಯಿಂದ ಕುಳ್ಳಿನ ಮೇಲೆ ಕೆಂಡ ತರುತ್ತಿದ್ದರು. ಹೇಗೆ ತರುತ್ತಿದ್ದರು? ಗಾಳಿಗೆ ಸೆರಗು ಮರೆಮಾಡಿ, ಹೆಜ್ಜೆ ನೋಡಿ ಇಡುತ್ತ, ಮೆಲ್ಲಗೆ. ಅವಸರ ಮಾಡಿದರೆ ಕೆಂಡ ಬಿದ್ದು ಬಣವೆ ಸುಡುತ್ತದೆ. ಅಲಕ್ಷ್ಯ ಮಾಡಿದರೆ ಆರಿ ಬೂದಿಯಾಗುತ್ತದೆ. ಸಂಸಾರವೂ ಹಾಗೆ, ವ್ಯಾಪಾರವೂ ಹಾಗೆ, ಧರ್ಮವೂ ಹಾಗೆ. ನೆನಪಿಡಿರಿ, ಆ ಕೆಂಡ ಬರುತ್ತಿದ್ದುದು ನೆರೆಮನೆಯಿಂದ. ನೆರೆಯವನ ಸಂಗಡ ಮಾತು ಬಿಟ್ಟ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಆ ಅಣ್ಣತಮ್ಮಂದಿರು ಏನಾದರೆಂದು ನೀವು ಕೇಳಬಹುದು. ಅಂದು ರಾತ್ರಿ ಇಬ್ಬರೂ ಏನೂ ಮಾತಾಡದೆ ಎದ್ದು ಹೋದರು. ಕೋರ್ಟಿನ ದಾವೆ ಇನ್ನೂ ಇದೆ. ಆದರೆ ಆ ವರ್ಷದ ಹಿಂಗಾರಿ ಬಿತ್ತನೆಯ ಹೊತ್ತಿಗೆ ತಮ್ಮನ ಒಂದು ಎತ್ತು ಕಾಲು ಮುರಿದುಕೊಂಡಿತಂತೆ. ಹದ ಆರುವ ಮೊದಲೇ ಅಣ್ಣನ ಎತ್ತು, ಅಣ್ಣನ ಕೂರಿಗೆ ಜಾಲಿಯ ಬದುವನ್ನು ದಾಟಿ ಹೋಗಿ ತಮ್ಮನ ಹೊಲವನ್ನು ಬಿತ್ತಿ ಬಂದವೆಂದು ಆ ಊರಿನ ಭಕ್ತರು ಹೇಳಿ ಕಳಿಸಿದ್ದಾರೆ. ದಾವೆಯನ್ನು ನ್ಯಾಯಾಧೀಶರು ನೋಡಿಕೊಳ್ಳಲಿ. ನಮಗೆ ಆ ಕೂರಿಗೆ ಸಾಕು.

ನಿಮ್ಮ ನಿಮ್ಮ ಬದುಗಳನ್ನು ದಾಟಲು ಇಂಥದೊಂದು ಹದದ ಹೊತ್ತು ನಿಮಗೂ ಬರಲಿ, ಬಂದಾಗ ನಿಮ್ಮ ಕಾಲು ಹಿಂಜರಿಯದಿರಲಿ ಎಂದು ಹರಸುತ್ತೇವೆ. ಎಲ್ಲರಿಗೂ ಮಂಗಳವಾಗಲಿ.